ಗೆಡ್ಡೆ ಪತಂಗದ ರೂಪ ಮತ್ತು ಕುಲಗೋತ್ರ



ಸಕಲೇಶಪುರದ ಘಟ್ಟದಂಚಿನಿಂದ ಮೂಡಣಕ್ಕೆ ಇಳಿಯುತ್ತ ಹೋದಂತೆ ಮಳೆ ಕ್ಷೀಣಿಸುತ್ತದೆ. ಕಾಡು, ಕಾಫಿ, ಏಲಕ್ಕಿಗಳು ಹಿಂದುಳಿದು ಹಾಸನದ ಕೆಂಪು ಮಣ್ಣಿನ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳದು ಆಲೂಗೆಡ್ಡೆಯ ಸೀಮೆ. ದೇಶದ ಬಹುಭಾಗದಲ್ಲಿ ಆಲೂಗೆಡ್ಡೆ ಚಳಿಗಾಲದ ನೀರಾವರಿ ಬೆಳೆ; ಇಲ್ಲಿ ಅದು ಮುಂಗಾರು ಮಳೆಯನ್ನೇ ನೆಚ್ಚಿದ ಬೆಳೆ. ಮೇ ತಿಂಗಳಿನಲ್ಲಿ ಹಾಸನದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಗೆಡ್ಡೆ ಲಾರಿಗಳಲ್ಲಿ ಬಂದಿಳಿಯುತ್ತದೆ. ರೈತ ಸಾಲ ಮಾಡಿ ಮೂಟೆ ಕೊಳ್ಳುತ್ತಾನೆ, ಮೊದಲ ಹದಮಳೆಗೆ ನೆಡುತ್ತಾನೆ, ಶ್ರಾವಣ ಭಾದ್ರಪದಗಳ ಹೊತ್ತಿಗೆ ಕೀಳುತ್ತಾನೆ. ಈ ಮೂರು ತಿಂಗಳಲ್ಲಿ ಗಿಡ ಒಣಗಿದರೆ, ಎಲೆ ಸುಟ್ಟರೆ, ಗೆಡ್ಡೆ ಕೊಳೆತರೆ ಊರಿನಲ್ಲಿ ಕೇಳಿಬರುವ ಮಾತು ಎರಡೇ: ‘ರೋಗ ಬಂತು’, ‘ಹುಳ ಬಿತ್ತು’. ಯಾವ ರೋಗ, ಯಾವ ಹುಳ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಬಹುಮಟ್ಟಿಗೆ ಔಷಧಿ ಅಂಗಡಿಯವರೇ. ಅವರು ಮಾರುವ ಡಬ್ಬಿಯೇ ಕೀಟದ ಹೆಸರನ್ನು ನಿರ್ಧರಿಸುವ ಪರಿಸ್ಥಿತಿ ಇದೆ.

ಆ ಹುಳಗಳಲ್ಲಿ ಒಂದರ ರೂಪವನ್ನೂ ಕುಲಗೋತ್ರವನ್ನೂ ವಿಚಾರಿಸುವುದು ಇಂದಿನ ಉಪನ್ಯಾಸದ ಉದ್ದೇಶ. ಅದು ಆಲೂಗೆಡ್ಡೆಯ ಗೆಡ್ಡೆ ಪತಂಗ. ಗಾತ್ರದಲ್ಲಿ ಇದು ಎಷ್ಟು ಅಲ್ಪವೆಂದರೆ, ಬಹಳಷ್ಟು ರೈತರು ಇದರ ಮರಿಹುಳುವನ್ನು ವರ್ಷವರ್ಷವೂ ಕಂಡಿದ್ದರೂ ಪತಂಗವನ್ನು ಪತಂಗವೆಂದು ಗುರುತಿಸಿರುವುದಿಲ್ಲ. ಮುಸ್ಸಂಜೆಯಲ್ಲಿ ಗಿಡದ ಸಾಲಿನ ನಡುವೆ ಬಟ್ಟೆ ತಗುಲಿದಾಗ ಪುರ್ರನೆ ಎದ್ದು ಒಂದು ಮಾರು ಹಾರಿ ಮತ್ತೆ ಎಲೆಯಡಿಯಲ್ಲಿ ಅಡಗುವ ಬೂದು ಕಣವೇ ಅದು.

ಕೂತಿರುವಾಗ ಅದರ ಉದ್ದ ಒಂದು ಭತ್ತದ ಕಾಳಿನಷ್ಟು. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 12ರಿಂದ 15 ಮಿಲಿಮೀಟರ್. ಚಿಟ್ಟೆಯಂತೆ ರೆಕ್ಕೆಗಳನ್ನು ಬೆನ್ನ ಮೇಲೆ ನೆಟ್ಟಗೆ ಜೋಡಿಸುವುದಿಲ್ಲ; ಹುಲ್ಲಿನ ಮನೆಯ ಸೂರಿನಂತೆ ಇಳಿಜಾರಾಗಿ ಮೈಗೆ ಹೊದಿಸಿಕೊಂಡಿರುತ್ತದೆ. ಮುಂದಿನ ರೆಕ್ಕೆಯ ಬಣ್ಣ ಒಣಹುಲ್ಲಿನ ಕಂದು. ಅದರ ಮೇಲೆ ಬೂದಿ ಉದುರಿಸಿದಂತಹ ಕಪ್ಪು ಚುಕ್ಕೆಗಳು. ಹೆಣ್ಣಿನಲ್ಲಿ, ರೆಕ್ಕೆ ಮಡಿಸಿದಾಗ ಎರಡೂ ಕಡೆಯ ಗುರುತುಗಳು ಕೂಡಿ ಬೆನ್ನ ಮೇಲೆ ಗುಣಾಕಾರ ಚಿಹ್ನೆಯಂತಹ ಕತ್ತರಿ ಗೆರೆ ಮೂಡುತ್ತದೆ. ಗಂಡಿನಲ್ಲಿ ಆ ಕತ್ತರಿ ಇಲ್ಲ, ಪ್ರತಿ ರೆಕ್ಕೆಯ ಮೇಲೆ ಎರಡು ಮೂರು ಕಪ್ಪು ಬೊಟ್ಟುಗಳಷ್ಟೇ. ಹಿಂದಿನ ರೆಕ್ಕೆ ನೋಡಬೇಕಾದರೆ ಸತ್ತ ಪತಂಗವನ್ನು ಬಿಳಿಯ ಕಾಗದದ ಮೇಲಿಟ್ಟು ಸೂಜಿಯಿಂದ ಮೆಲ್ಲಗೆ ಸರಿಸಬೇಕು. ಮಾಸಲು ಬೂದು ಬಣ್ಣದ ಆ ರೆಕ್ಕೆ ಕಿರಿದು. ತುದಿಯ ಕೆಳಗೆ ಯಾರೋ ಚಿವುಟಿ ತೆಗೆದಂತೆ ಒಂದು ತಗ್ಗು, ತುದಿ ಮಾತ್ರ ಬೆರಳಿನಂತೆ ಚಾಚಿರುತ್ತದೆ. ಅಂಚಿನುದ್ದಕ್ಕೂ ಸೆರಗಿನ ಕುಚ್ಚಿನಂತಹ ಉದ್ದ ಕೂದಲಿನ ಜಾಲರಿ. ಮುಖದ ಮುಂದೆ ಎರಡು ಸ್ಪರ್ಶಾಂಗಗಳು ಎತ್ತಿನ ಕೊಂಬಿನಂತೆ ಮೇಲಕ್ಕೆ ಬಾಗಿ ತಲೆಯನ್ನೂ ಮೀರಿ ನಿಂತಿರುತ್ತವೆ. ಕುಡಿಮೀಸೆ ದಾರದಂತೆ ಸಪೂರ. ಹತ್ತು ಪಟ್ಟು ದೊಡ್ಡದಾಗಿ ತೋರುವ ಕೈಮಸೂರವೊಂದಿದ್ದರೆ ಇವನ್ನೆಲ್ಲ ಹೈಸ್ಕೂಲು ವಿದ್ಯಾರ್ಥಿಯೂ ಕಾಣಬಹುದು. ತಗ್ಗು ಬಿದ್ದ ಹಿಂದಿನ ರೆಕ್ಕೆ ಮತ್ತು ಬಾಗಿದ ಕೊಂಬು ಮುಖ್ಯವಾದ ಗುರುತುಗಳು; ಅವು ಏಕೆ ಮುಖ್ಯವೆಂಬುದು ಮುಂದೆ ವರ್ಗೀಕರಣದ ಮಾತು ಬಂದಾಗ ತಿಳಿಯುತ್ತದೆ.

ಮೊಟ್ಟೆ ಅರ್ಧ ಮಿಲಿಮೀಟರಿನದು, ಮುತ್ತಿನ ಬಿಳುಪು, ಬಲಿತಂತೆ ಹಳದಿ. ಎಲೆಯ ಅಡಿಯಲ್ಲಿ, ಕಾಂಡದ ಬುಡದ ಮಣ್ಣಿನಲ್ಲಿ, ಮಣ್ಣಿನಿಂದ ಹೊರಗಿಣುಕುವ ಗೆಡ್ಡೆಯ ಕಣ್ಣುಗಳ ಸುತ್ತ ಹೆಣ್ಣು ಅವನ್ನು ಒಂದೊಂದಾಗಿ ಅಂಟಿಸುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳು ಕೂದಲಿನಷ್ಟು ತೆಳು. ನಾಲ್ಕು ಹಂತಗಳಲ್ಲಿ ಬೆಳೆದು ಒಂದು ಸೆಂಟಿಮೀಟರನ್ನು ಸ್ವಲ್ಪ ಮೀರುತ್ತದೆ. ಮೈ ಕೆನೆಬಿಳುಪು, ಕೆಲವೊಮ್ಮೆ ನಸುಗೆಂಪು ಅಥವಾ ನಸುಹಸಿರು; ತಲೆ ಮಾತ್ರ ಕಡುಕಂದು. ಕೋಶಕ್ಕೆ ಹೋಗುವಾಗ ಗೆಡ್ಡೆಯಿಂದ ಹೊರಬಂದು ರೇಷ್ಮೆಯ ತೆಳು ಗೂಡು ಹೆಣೆದು, ಅದಕ್ಕೆ ಮಣ್ಣಿನ ಕಣ ಮೆತ್ತಿ, ಗೋಡೆಯ ಬಿರುಕಿನಲ್ಲೋ ಗೋಣಿಚೀಲದ ಹೊಲಿಗೆಯಲ್ಲೋ ಅಡಗುತ್ತದೆ. ಹವೆ ಬೆಚ್ಚಗಿದ್ದರೆ ಮೊಟ್ಟೆಯಿಂದ ಪತಂಗದವರೆಗೆ ನಾಲ್ಕು ವಾರ ಸಾಕು. ಒಂದು ಬೆಳೆ ಮುಗಿಯುವುದರೊಳಗೆ ಅಜ್ಜಿ, ತಾಯಿ, ಮಗಳು ಮೂರು ತಲೆಮಾರು ಅದೇ ಹೊಲದಲ್ಲಿರುತ್ತವೆ.

ಮರಿಹುಳು ಎಲೆಯಲ್ಲಿದ್ದಾಗ ಎಲೆಯ ಎರಡು ಪೊರೆಗಳ ನಡುವಿನ ಹಸಿರನ್ನು ತಿಂದು ಒಳಗೊಂದು ಕೋಣೆ ಮಾಡಿಕೊಳ್ಳುತ್ತದೆ. ಹೊರಗಿನಿಂದ ಅದು ಕಂದು ಕಲೆ. ಅಂಗಮಾರಿ ರೋಗದ ಕಲೆಯೂ ಕಂದು. ಇಲ್ಲಿಯೇ ಹಣ ಕೈಬಿಡುವುದು. ಅಂಗಮಾರಿಯೆಂದು ಭಾವಿಸಿ ಶಿಲೀಂಧ್ರನಾಶಕ ಸಿಂಪಡಿಸಿದರೆ ಎಲೆಯೊಳಗೆ ಕೂತ ಹುಳುವಿಗೆ ಏನೂ ಆಗದು; ಹುಳುವೆಂದು ಭಾವಿಸಿ ಕೀಟನಾಶಕ ಹೊಡೆದರೆ ಅಂಗಮಾರಿ ಎರಡು ದಿನದಲ್ಲಿ ಹೊಲವನ್ನು ನುಂಗುತ್ತದೆ. ಪರೀಕ್ಷೆ ಸುಲಭ, ಕಾಸು ಬೇಡ. ಎಲೆ ಕಿತ್ತು ಸೂರ್ಯನಿಗೆ ಹಿಡಿಯಬೇಕು. ಕಲೆ ಬೆಳಕನ್ನು ಬಿಟ್ಟು ಕಾಗದದಂತೆ ಕಂಡು, ಒಳಗೆ ಕಪ್ಪು ಹಿಕ್ಕೆಯ ಕಾಳುಗಳೂ ಕೆಲವೊಮ್ಮೆ ಅಲುಗುವ ಹುಳುವೂ ತೋರಿದರೆ ಅದು ಪತಂಗದ ಕೆಲಸ. ಕಲೆಯ ಅಂಚು ನೀರಲ್ಲಿ ನೆನೆದಂತಿದ್ದು, ತೇವದ ಮುಂಜಾನೆ ಎಲೆಯಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಅದು ಅಂಗಮಾರಿ. ಗೆಡ್ಡೆಯಲ್ಲಿಯೂ ಹೀಗೆಯೇ ಬೇರ್ಪಡಿಸಬಹುದು. ಗೊಣ್ಣೆಹುಳು ಗೆಡ್ಡೆಯ ಮೇಲ್ಮೈಯನ್ನು ಅಗಲವಾಗಿ ಕೆರೆದು ಗುಳಿ ಮಾಡುತ್ತದೆ. ಕತ್ತರಿಹುಳು ಹೊರಗೆ ನಿಂತು ದೊಡ್ಡ ತೂತು ಕೊರೆಯುತ್ತದೆ. ಗೆಡ್ಡೆ ಪತಂಗದ ಮರಿಯಾದರೋ ಕಣ್ಣಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ರಂಧ್ರದಿಂದ ಒಳಹೊಕ್ಕು ಸುರಂಗ ತೋಡುತ್ತ, ಹಿಕ್ಕೆಯನ್ನು ಆ ಬಾಗಿಲಿಗೇ ತಂದು ಹಾಕುತ್ತದೆ. ಕಣ್ಣಿನ ಬಳಿ ಕಪ್ಪು ಹಿಕ್ಕೆಯ ಸಣ್ಣ ಗುಪ್ಪೆ ಇದ್ದರೆ ಸಂಶಯಪಡಬೇಕಾಗಿಲ್ಲ. ಆ ಸುರಂಗದ ಹಿಂದೆಯೇ ಬ್ಯಾಕ್ಟೀರಿಯ ಹೊಕ್ಕು ಗೆಡ್ಡೆ ನೀರಾಗುತ್ತದೆ. ಆಗ ಎಲ್ಲರ ಕಣ್ಣಿಗೂ ಬೀಳುವುದು ಕೊಳೆ, ಕಾರಣ ಮರೆಯಾಗಿಬಿಡುತ್ತದೆ.

ಇನ್ನು ಕುಲಗೋತ್ರ. ವಿದ್ಯಾರ್ಥಿಗಳು ಪಾಠದಲ್ಲಿ ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಮೆಟ್ಟಿಲುಗಳನ್ನು ಓದಿರುತ್ತಾರೆ. ಚಿಟ್ಟೆ ಪತಂಗಗಳೆಲ್ಲ ಸೇರಿದ ಗಣ ಲೆಪಿಡಾಪ್ಟೆರ. ರೆಕ್ಕೆಯ ಮೇಲೆ ಹುಡಿಯಂತಹ ಹುರುಪೆಗಳಿರುವ ಕೀಟಗಳ ಗಣ. ಇದರಲ್ಲಿ ಹೆಸರು ಪಡೆದ ಪ್ರಭೇದಗಳು ಸುಮಾರು 1,60,000. ಜನ ಮೆಚ್ಚುವ ಚಿಟ್ಟೆಗಳು ಆ ಸಂಖ್ಯೆಯಲ್ಲಿ ಎಂಟನೆಯ ಒಂದು ಪಾಲಿಗಿಂತಲೂ ಕಡಿಮೆ, ಉಳಿದವೆಲ್ಲ ಪತಂಗಗಳು. ಗೆಡ್ಡೆ ಪತಂಗದ ಕುಟುಂಬ ಗೆಲೆಕಿಯಿಡೆ. ಹಿಂದಿನ ರೆಕ್ಕೆಯ ಆ ಚಿವುಟಿದ ತಗ್ಗು, ಮೇಲಕ್ಕೆ ಬಾಗಿದ ಕೊಂಬು ಈ ಮನೆತನದ ಲಕ್ಷಣಗಳು. 4,500ಕ್ಕೂ ಹೆಚ್ಚು ಪ್ರಭೇದಗಳ ಈ ಮನೆತನ ಹಳ್ಳಿಗರಿಗೆ ಅಪರಿಚಿತವೇನಲ್ಲ. ಕಣಜದ ಬಾಯಿ ತೆಗೆದಾಗ ಮುಖಕ್ಕೆ ಎರಚಿದಂತೆ ಹಾರುವ ಭತ್ತದ ಪತಂಗವೂ, ಹತ್ತಿ ಬೆಳೆಗಾರರನ್ನು ಕಂಗೆಡಿಸಿದ ಗುಲಾಬಿ ಕಾಯಿಕೊರಕವೂ ಇದರ ದಾಯಾದಿಗಳೇ. ಮೂರೂ ಕಾಳಿನ, ಕಾಯಿಯ, ಗೆಡ್ಡೆಯ ಒಳಗೆ ಅಡಗಿ ಬದುಕುವಂಥವು; ಒಳಸೇರುವ ಬುದ್ಧಿ ಮನೆತನಕ್ಕೆ ಬಂದದ್ದು.

ಪ್ರಭೇದಕ್ಕೆ ಹೆಸರು ನಿಂತ ಕಥೆ ದೀರ್ಘವಾದದ್ದು. ಸಣ್ಣ ಪತಂಗಗಳ ಹೆಸರು ‘ಎಲ್ಲಾ’ ಎಂದು ಕೊನೆಗೊಳ್ಳಬೇಕೆಂಬ ರೂಢಿಯನ್ನು ಸ್ವೀಡನ್ನಿನ ಲಿನೇಯಸ್ 18ನೆಯ ಶತಮಾನದಲ್ಲಿಯೇ ಹಾಕಿಕೊಟ್ಟಿದ್ದ. 1864ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ವಾಕರ್ ಈ ಪತಂಗವನ್ನು ಟೆರೆಲ್ಲಾ ಎಂದು ಕರೆದ. ಆ ಹೆಸರು ಮೊದಲೇ ಬೇರೊಂದು ಪತಂಗಕ್ಕೆ ಸಂದಿದ್ದುದರಿಂದ ನಿಲ್ಲಲಿಲ್ಲ. 1873ರಲ್ಲಿ ಜರ್ಮನಿಯ ಫಿಲಿಪ್ ಕ್ರಿಸ್ಟೋಫ್ ಜೆಲ್ಲರ್, ಅಮೆರಿಕದ ಟೆಕ್ಸಾಸಿನಿಂದ ಬಂದ ಮಾದರಿಗಳನ್ನು ನೋಡಿ ಗೆಲೆಕಿಯಾ ಆಪರ್ಕ್ಯುಲೆಲ್ಲಾ ಎಂದು ಹೆಸರಿಸಿದ. ಮರುವರ್ಷವೇ ಫ್ರಾನ್ಸಿನ ಬ್ವಾಸ್ದುವಾಲ್ ಅದೇ ಕೀಟಕ್ಕೆ ಸೊಲನೆಲ್ಲಾ ಎಂದ. 1879ರಲ್ಲಿ ಇನ್ನೊಬ್ಬ ಫ್ರೆಂಚ್ ವಿದ್ವಾಂಸ ಹೊಗೆಸೊಪ್ಪಿನ ಹೆಸರು ಸೇರಿಸಿ ಟ್ಯಾಬಕೆಲ್ಲಾ ಎಂದ. ಮೊದಲು ಸರಿಯಾಗಿ ಇಟ್ಟ ಹೆಸರೇ ಉಳಿಯಬೇಕೆಂಬ ನಿಯಮದಿಂದ ಜೆಲ್ಲರನ ಆಪರ್ಕ್ಯುಲೆಲ್ಲಾ ಉಳಿಯಿತು. ಆಲೂಗೆಡ್ಡೆ ಬೆಳೆಯುವವನೊಬ್ಬ, ಹೊಗೆಸೊಪ್ಪು ಬೆಳೆಯುವವನೊಬ್ಬ ತಮ್ಮ ತಮ್ಮ ಹೊಲದಲ್ಲಿ ಕಂಡ ಹುಳು ಬೇರೆ ಬೇರೆ ಎಂದು ತಿಳಿಯುವುದು ಅಜ್ಞಾನವೆನ್ನುವಂತಿಲ್ಲ. ಪ್ಯಾರಿಸ್ಸಿನ ಪಂಡಿತರೂ ಹಾಗೆಯೇ ತಿಳಿದಿದ್ದರು.

1902ರಲ್ಲಿ ಎಡ್ವರ್ಡ್ ಮೇರಿಕ್ ಈ ಪ್ರಭೇದಕ್ಕಾಗಿ ಥೋರಿಮಿಯಾ ಎಂಬ ಹೊಸ ಜಾತಿಯನ್ನು ಸ್ಥಾಪಿಸಿದ. ಇಂಗ್ಲೆಂಡಿನ ಮಾರ್ಲ್‌ಬರೋ ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಈ ಉಪಾಧ್ಯಾಯ, ಬಿಡುವಿನಲ್ಲಿ ಕೂತು ಜಗತ್ತಿನ ಹದಿನಾಲ್ಕು ಸಾವಿರಕ್ಕೂ ಮೀರಿದ ಸಣ್ಣ ಪತಂಗಗಳಿಗೆ ಹೆಸರಿಟ್ಟವನು. ಅರಕಲಗೂಡಿನ ಪಕ್ಕದ ಕೊಡಗಿನ ಬೆಟ್ಟಗಳಿಂದ ಅವನಿಗೆ ಹೋದ ಪತಂಗಗಳೂ ಅವುಗಳಲ್ಲಿವೆ. ಅವನ ಸಂಗ್ರಹ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಮಲೆನಾಡಿನ ಸಣ್ಣ ಜೀವಿಗಳ ಮೂಲ ಮಾದರಿ ನೋಡಬೇಕಾದ ಇಲ್ಲಿಯ ವಿದ್ಯಾರ್ಥಿ ಕಡಲು ದಾಟಬೇಕಾಗಿರುವುದು ಖೇದದ ಸಂಗತಿ.

ಅದೇ ಮೇರಿಕ್ 1917ರಲ್ಲಿ ಪೆರು ದೇಶದ ಇನ್ನೊಂದು ಬೂದು ಪತಂಗವನ್ನು ಥೋರಿಮಿಯಾ ಅಬ್ಸೊಲ್ಯೂಟಾ ಎಂದು ಕರೆದ. ನಂತರದ ವಿದ್ವಾಂಸರು ರೆಕ್ಕೆಯ ಬಣ್ಣವನ್ನು ನೆಚ್ಚದೆ ಜನನಾಂಗಗಳನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ನೋಡತೊಡಗಿದಂತೆ ಅದರ ಜಾತಿ ಮತ್ತೆ ಮತ್ತೆ ಬದಲಾಯಿತು: 1962ರಲ್ಲಿ ಒಂದು, 1964ರಲ್ಲಿ ಮತ್ತೊಂದು, 1987ರಲ್ಲಿ ಇನ್ನೊಂದು, 1994ರಲ್ಲಿ ಟ್ಯೂಟಾ. ಟ್ಯೂಟಾ ಅಬ್ಸೊಲ್ಯೂಟಾ ಎಂಬ ಹೆಸರಿನಲ್ಲಿಯೇ ಅದು ಲೋಕವಿಖ್ಯಾತವಾಯಿತು. 2014ರಲ್ಲಿ ಭಾರತದಲ್ಲಿ ಕಾಣಿಸಿಕೊಂಡು ಟೊಮೆಟೊ ತೋಟಗಳನ್ನು ಹಾಳುಗೆಡವಿತು. 2021ರಲ್ಲಿ ಅದನ್ನು ಮತ್ತೆ ಥೋರಿಮಿಯಾ ಜಾತಿಗೇ ಸೇರಿಸಲಾಯಿತು. ನೂರು ವರ್ಷ ಊರೂರು ಅಲೆದ ಮಗ ಮನೆಗೆ ಬಂದಂತೆ! ಹೀಗಾಗಿ ಆಲೂಗೆಡ್ಡೆಯ ಪತಂಗ ಮತ್ತು ಟೊಮೆಟೊ ಪತಂಗಗಳು ಈಗ ಒಂದೇ ಜಾತಿಯ ಎರಡು ಪ್ರಭೇದಗಳು.

ಇದು ಪಂಡಿತರ ಜಗಳ, ಹೊಲಕ್ಕೇನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಎರಡೂ ಬೂದು, ಎರಡೂ ಎಲೆಯಲ್ಲಿ ಸುರಂಗ ಮಾಡುತ್ತವೆ, ಎರಡೂ ಆಲೂಗೆಡ್ಡೆ ಟೊಮೆಟೊ ಎರಡರ ಮೇಲೂ ಬದುಕಬಲ್ಲವು. ಆದರೆ ಹೆಣ್ಣು ಪತಂಗ ಗಂಡನ್ನು ಕರೆಯುವ ಗಂಧ ಪ್ರತಿಯೊಂದರದೂ ಬೇರೆ. ಗೆಡ್ಡೆ ಪತಂಗದ ಗಂಧದ್ರವ್ಯ ಇಂಗಾಲದ ಹದಿಮೂರು ಪರಮಾಣುಗಳ ಸರಪಳಿಯಿಂದಾದದ್ದು, ಟೊಮೆಟೊ ಪತಂಗದ್ದು ಹದಿನಾಲ್ಕರದು. ಒಂದು ಕೊಂಡಿಯ ಈ ವ್ಯತ್ಯಾಸ ಗಂಡು ಪತಂಗದ ಕುಡಿಮೀಸೆಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಸಿಗುವ ಮೋಹಕ ಬಲೆಯಲ್ಲಿ ತಪ್ಪು ಲೂರ್ ಕೂರಿಸಿದರೆ ಹೊಲದ ತುಂಬ ಪತಂಗವಿದ್ದರೂ ಬಲೆ ಖಾಲಿ ಇರುತ್ತದೆ. ಕೊಳ್ಳುವ ಮುನ್ನ ಪೊಟ್ಟಣದ ಮೇಲೆ ಯಾವ ಕೀಟದ ಹೆಸರಿದೆಯೆಂದು ಓದಬೇಕು. ಅಲ್ಲಿ ಹಳೆಯ ಟ್ಯೂಟಾ ಎಂಬ ಹೆಸರು ಇದ್ದರೆ ಅದು ಟೊಮೆಟೊ ಪತಂಗದ್ದೆಂದು ತಿಳಿಯಬೇಕು.

ಗೆಡ್ಡೆ ಪತಂಗ ಈ ನೆಲದ್ದಲ್ಲ. ಆಲೂಗೆಡ್ಡೆಯ ತವರಾದ ದಕ್ಷಿಣ ಅಮೆರಿಕವೇ ಅದರ ತವರು. ಹಡಗಿನ ಮೂಟೆಗಳಲ್ಲಿ ಗೆಡ್ಡೆಯೊಡನೆ ಲೋಕವನ್ನೆಲ್ಲ ಸುತ್ತಿತು. 19ನೆಯ ಶತಮಾನದ ಮಧ್ಯದಲ್ಲಿಯೇ ಆಸ್ಟ್ರೇಲಿಯದ ದಕ್ಷಿಣದ ಟ್ಯಾಸ್ಮೇನಿಯ ದ್ವೀಪದಲ್ಲಿ ಅದರ ಹಾವಳಿ ದಾಖಲಾಗಿತ್ತು. ಭಾರತಕ್ಕೆ ಬಂದದ್ದು 1906ರಲ್ಲಿ, ಇಟಲಿಯಿಂದ ಮುಂಬಯಿ ಪ್ರಾಂತ್ಯಕ್ಕೆ ತರಿಸಿದ ಬಿತ್ತನೆ ಗೆಡ್ಡೆಯ ಜೊತೆಯಲ್ಲಿ. ಅದನ್ನು ಕುರಿತು ಇಲ್ಲಿ ಮೊದಲು ಬರೆದವರು ಬಿಹಾರದ ಪೂಸಾದಲ್ಲಿ ಸರ್ಕಾರಿ ಕೀಟಶಾಸ್ತ್ರಜ್ಞರಾಗಿದ್ದ ಮ್ಯಾಕ್ಸ್‌ವೆಲ್ ಲೆಫ್ರಾಯ್. ಈ ಲೆಫ್ರಾಯ್ ಮುಂದೆ ಇಂಗ್ಲೆಂಡಿಗೆ ಮರಳಿ, 1925ರಲ್ಲಿ ಕೀಟನಾಶಕ ಅನಿಲವೊಂದರ ಪ್ರಯೋಗ ನಡೆಸುತ್ತಿರುವಾಗ ಆ ಅನಿಲಕ್ಕೇ ಬಲಿಯಾದರು. ಸಿಂಪರಣೆ ಯಂತ್ರ ಬೆನ್ನಿಗೇರಿಸಿ ಬರಿಗೈಯಲ್ಲಿ ವಿಷ ಕಲೆಸುವ ಹುಡುಗರಿಗೆ ಈ ಸಂಗತಿ ತಿಳಿದಿರುವುದು ಒಳ್ಳೆಯದು.

ಬಿತ್ತನೆಯೊಡನೆ ಬಂದ ಕೀಟ ಬಿತ್ತನೆಯೊಡನೆಯೇ ಸಂಚರಿಸುತ್ತದೆ. ಹಾಸನದ ರೈತ ತನ್ನ ಬೀಜವನ್ನು ತಾನು ಉಳಿಸಿಕೊಳ್ಳಲಾಗದೆ ಸಾವಿರಾರು ಮೈಲಿ ದೂರದ ಮೂಟೆಗೆ ಕೈಯೊಡ್ಡುವವರೆಗೆ, ಆ ಮೂಟೆಯಲ್ಲಿ ಏನೇನಿದೆಯೆಂದು ಹೇಳುವವರಾರು? ಆಲೂಗೆಡ್ಡೆಯ ವಿಸ್ತೀರ್ಣ ಈ ಜಿಲ್ಲೆಯಲ್ಲಿ ಹಿಂದಿನಂತಿಲ್ಲ. ಅಂಗಮಾರಿಗೂ ಬೀಜದ ದುಬಾರಿಗೂ ಸೋತು ಹಲವರು ಮುಸುಕಿನ ಜೋಳಕ್ಕೂ ಶುಂಠಿಗೂ ಹೊರಳಿದ್ದಾರೆ. ಬೇರು ಬಿಡಿಸಿದ ಕುಡಿಗಳಿಂದ ಸ್ಥಳೀಯವಾಗಿಯೇ ಬಿತ್ತನೆ ಗೆಡ್ಡೆ ಬೆಳೆಯುವ ವಿಧಾನ ಇತ್ತೀಚಿನ ವರ್ಷಗಳಲ್ಲಿ ಜಿಲ್ಲೆಗೂ ಬಂದಿದೆ. ಅದು ಹರಡಬೇಕು. ಆದರೆ ಅಂತಹ ಬೀಜವನ್ನು ಮುಂದಿನ ಹಂಗಾಮಿನವರೆಗೆ ಕಾಪಾಡುವಾಗ ಎದುರಾಗುವ ಮೊದಲ ಶತ್ರು ಇದೇ ಪತಂಗ ಎಂಬುದನ್ನೂ ಈಗಲೇ ತಿಳಿದಿರಬೇಕು.

ನಾಲ್ಕು ತಾಲ್ಲೂಕುಗಳಲ್ಲಿ ಅದಕ್ಕೆ ಆಶ್ರಯ ಒಂದೇ ಬಗೆಯದಲ್ಲ. ಅರಕಲಗೂಡಿನಲ್ಲಿ ಕಾವೇರಿ ದಡದ ರಾಮನಾಥಪುರದ ಸುತ್ತ ಹೊಗೆಸೊಪ್ಪು ಬೆಳೆಯುತ್ತಾರೆ, ಅಲ್ಲಿ ಅದರ ಹರಾಜು ಮಾರುಕಟ್ಟೆಯೂ ಇದೆ. ಹೊಗೆಸೊಪ್ಪಿನ ಎಲೆಯಲ್ಲಿ ಸುರಂಗ ತೋಡುವ ಹುಳು ಬೇರೆಯಲ್ಲ, ಇದೇ. ಆಲೂಗೆಡ್ಡೆ ಕಿತ್ತ ಮೇಲೆಯೂ ಅದಕ್ಕೆ ಅಲ್ಲಿ ಮನೆಯುಂಟು. ಹೇಮಾವತಿಯ ನೀರು ಹರಿಯುವ ಹೊಳೆನರಸೀಪುರದ ಕಡೆ ಟೊಮೆಟೊ, ಬದನೆಗಳಿವೆ. ಮಳೆ ಕಡಿಮೆಯಿರುವ ಚನ್ನರಾಯಪಟ್ಟಣದಲ್ಲಿ ಒಣ ಹವೆಯೇ ಅದಕ್ಕೆ ಅನುಕೂಲ. ಜೋರು ಮಳೆ ಪತಂಗವನ್ನು ಅಡಗಿಸುತ್ತದೆ, ಮಳೆ ಕೈಕೊಟ್ಟ ವರ್ಷ ಅದು ಹೆಚ್ಚುತ್ತದೆ. ಬೇಲಿಯ ಗಣಿಕೆ, ಉಮ್ಮತ್ತಿ ಗಿಡಗಳು ಎಲ್ಲ ಕಡೆಯೂ ಇವೆ; ಆಲೂಗೆಡ್ಡೆಯ ಬಳಗಕ್ಕೆ ಸೇರಿದ ಇವುಗಳಲ್ಲೂ ಅದು ಕಾಲ ಕಳೆಯಬಲ್ಲುದು. ಹಾಗೆಂದು ಗಣಿಕೆಯನ್ನೆಲ್ಲ ಕಿತ್ತು ಸುಡಬೇಕಾಗಿಲ್ಲ. ಅದು ಬಡವರ ಸೊಪ್ಪು, ಬಾಯಿಹುಣ್ಣಿನ ಮದ್ದು.

ಕೀಟದ ನಡೆ ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ಪತಂಗ ಮಣ್ಣು ಅಗೆಯಲಾರದು. ಗೆಡ್ಡೆ ದಪ್ಪಗಾಗಿ ಬದು ಬಿರಿದಾಗ ಆ ಬಿರುಕೇ ಅದಕ್ಕೆ ದಾರಿ. ಆದ್ದರಿಂದ ಬಿತ್ತನೆ ಆಳವಾಗಿರಬೇಕು, ಬುಡಕ್ಕೆ ಎರಡು ಸಲ ಮಣ್ಣು ಏರಿಸಬೇಕು, ಮಳೆಗೆ ಬದು ಕರಗಿದರೆ ಮತ್ತೆ ಏರಿಸಬೇಕು. ಗೆಡ್ಡೆಯ ಮೇಲೆ ನಾಲ್ಕು ಬೆರಳು ಮಣ್ಣಿದ್ದರೆ ಅರ್ಧ ಯುದ್ಧ ಗೆದ್ದಂತೆ. ಕಿತ್ತ ಗೆಡ್ಡೆಯನ್ನು ರಾತ್ರಿ ಹೊಲದಲ್ಲಿ ರಾಶಿ ಹಾಕಿ ಅದೇ ಬಳ್ಳಿಯನ್ನು ಮೇಲೆ ಹೊದಿಸುವ ಪದ್ಧತಿ ಕೆಲವೆಡೆ ಇದೆ. ಇದು ಪತಂಗಕ್ಕೆ ಔತಣವಿಟ್ಟಂತೆ. ಬಳ್ಳಿ ಒಣಗಿದಂತೆ ಅದರೊಳಗಿನ ಮರಿಗಳೆಲ್ಲ ರಾಶಿಗೆ ಇಳಿಯುತ್ತವೆ. ಸಂಜೆಯೊಳಗೆ ಗೆಡ್ಡೆ ಮನೆ ಸೇರಬೇಕು.

ಮನೆಯಲ್ಲಿ ಬೀಜಕ್ಕಿಡುವ ಗೆಡ್ಡೆಯ ಕೆಳಗೂ ಮೇಲೂ ಒಣಗಿಸಿದ ಲಂಟಾನ ಇಲ್ಲವೇ ನೀಲಗಿರಿ ಎಲೆಯನ್ನು ಎರಡು ಸೆಂಟಿಮೀಟರ್ ದಪ್ಪ ಹರಡುವ ವಿಧಾನವನ್ನು ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯೇ ಶಿಫಾರಸು ಮಾಡಿದೆ. ಮಲೆನಾಡಿನ ಕಾಡಂಚನ್ನು ಆಕ್ರಮಿಸಿ ದನಗಳಿಗೆ ಮೇವಿಲ್ಲದಂತೆ ಮಾಡಿದ ಲಂಟಾನಕ್ಕೂ, ನೆಡುತೋಪುಗಳ ನೀಲಗಿರಿಗೂ ಇಷ್ಟಾದರೂ ಉಪಯೋಗ ಸಿಕ್ಕಂತಾಯಿತು. ತಿನ್ನುವ ಗೆಡ್ಡೆಯ ಮೇಲೆ ಕೀಟನಾಶಕದ ಪುಡಿ ಉದುರಿಸುವುದು ಮಾತ್ರ ಯಾವ ಕಾಲಕ್ಕೂ ಕೂಡದು.

ವಿಷ ಸಿಂಪಡಿಸಿದಾಗ ಸಾಯುವವರು ಯಾರೆಂಬುದೂ ಯೋಚಿಸಬೇಕಾದದ್ದು. ಹುಳು ಎಲೆಯ ಪೊರೆಯೊಳಗೆ, ಗೆಡ್ಡೆಯೊಳಗೆ ಸುಭದ್ರ. ಹೊರಗೆ ತಿರುಗಾಡುವುದು ಅದರ ವೈರಿಗಳಾದ ಸಣ್ಣ ಕಣಜಗಳು. ದಕ್ಷಿಣ ಅಮೆರಿಕದಿಂದ ಭಾರತಕ್ಕೂ ತರಿಸಿ ಬಿಟ್ಟ ಕೊಪಿಡೊಸೋಮಾ ಎಂಬ ಕಣಜ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಆ ಒಂದು ಮೊಟ್ಟೆ ಒಡೆದೊಡೆದು ಹತ್ತಾರು ಭ್ರೂಣಗಳಾಗಿ, ಮರಿಹುಳು ಬೆಳೆದ ಮೇಲೆ ಅದರ ಒಣಗಿದ ಚರ್ಮದಿಂದ ಕಣಜಗಳ ಹಿಂಡೇ ಹೊರಬರುತ್ತದೆ. ಕಾಣದ ಈ ಕೂಲಿಯಾಳುಗಳನ್ನು ಕೊಂದ ಮೇಲೆ ಪತಂಗಕ್ಕೆ ತಡೆ ಯಾರು?

ಶಾಲೆಯ ಮಕ್ಕಳು ಈ ಹಂಗಾಮಿನಲ್ಲಿಯೇ ಮಾಡಬಹುದಾದ ಕೆಲಸವೊಂದಿದೆ. ಕಣ್ಣಿನಲ್ಲಿ ಹಿಕ್ಕೆ ಕಟ್ಟಿದ ಗೆಡ್ಡೆಯೊಂದನ್ನು ಅಗಲ ಬಾಯಿಯ ಗಾಜಿನ ಶೀಶೆಯಲ್ಲಿ ಎರಡು ಬೆರಳು ಒಣ ಮರಳಿನ ಮೇಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ನೆರಳಿನಲ್ಲಿ ಇಡಬೇಕು. ಪಕ್ಕದಲ್ಲಿ ಇನ್ನೊಂದು ಶೀಶೆಯಲ್ಲಿ ಸುರಂಗ ಬಿದ್ದ ಟೊಮೆಟೊ ಎಲೆಗಳನ್ನು, ಸಾಧ್ಯವಾದರೆ ಮೂರನೆಯದರಲ್ಲಿ ಹೊಗೆಸೊಪ್ಪಿನ ಎಲೆಯನ್ನು ಇಟ್ಟು, ಎಲೆ ಬಾಡಿದಂತೆ ಹೊಸದನ್ನು ಹಾಕುತ್ತಿರಬೇಕು. ಎರಡು ಮೂರು ವಾರಗಳಲ್ಲಿ ಪತಂಗವೋ ಕಣಜವೋ ಹೊರಬರುತ್ತದೆ. ಶೀಶೆಯ ಮೇಲೆ ಊರು, ದಿನಾಂಕ, ಗಿಡದ ಹೆಸರು ಬರೆದಿರಬೇಕು. ಇವಿಲ್ಲದ ಮಾದರಿ ಯಾರಿಗೂ ಬೇಡ. ಪತಂಗ ಬಂದರೆ ಬೆನ್ನ ಮೇಲಿನ ಕತ್ತರಿ ಗೆರೆಯನ್ನೂ ಹಿಂದಿನ ರೆಕ್ಕೆಯ ತಗ್ಗನ್ನೂ ಹುಡುಕಿ, ಚಿತ್ರ ಬರೆದು, ಅನುಮಾನವಿದ್ದರೆ ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೋ ಕಾರೆಕೆರೆಯ ಕೃಷಿ ಕಾಲೇಜಿಗೋ ಒಯ್ದು ತೋರಿಸಬಹುದು. ಒಯ್ಯುವಾಗ ಪತಂಗವನ್ನು ಬೆರಳಲ್ಲಿ ಹಿಡಿಯಬಾರದು. ರೆಕ್ಕೆಯ ಹುಡಿ ಉದುರಿಹೋದರೆ ಗುರುತೂ ಹೋಗುತ್ತದೆ. ಶೀಶೆಯನ್ನು ಹಾಗೆಯೇ ಕೊಂಡೊಯ್ಯುವುದು ಲೇಸು.